ದೊಕ್‌ಸನ್‌ಗೆ ಗಂಡು ಹುಡುಕಿದವರು

2016ರ ಜನವರಿ 6ರಂದು ಉತ್ತರ ಕೊರಿಯಾ ತನ್ನ ನಾಲ್ಕನೆಯ ಅಣುಪರೀಕ್ಷೆ ನಡೆಸಿತು. ಗಡಿಯ ಈಚೆಗಿನ ದಕ್ಷಿಣ ಕೊರಿಯಾದಲ್ಲಿ ಆ ಹೊತ್ತಿಗೆ ಜನರನ್ನು ಕಾಡುತ್ತಿದ್ದ ಪ್ರಶ್ನೆಗಳಲ್ಲಿ ಇನ್ನೊಂದು, ದೊಕ್‌ಸನ್ ಎಂಬ ಹುಡುಗಿಯ ಗಂಡ ಯಾರು ಎಂಬುದು. ಈ ಎರಡರಲ್ಲಿ ಯಾವುದು ಹೆಚ್ಚು ನಿದ್ದೆ ಕೆಡಿಸಿತು ಎಂದು ನಾನು ಹೇಳಲಾರೆ. ಅಣುಬಾಂಬಿಗೆ ಆ ಜನ ಹೇಗೋ ಒಗ್ಗಿಕೊಂಡಿದ್ದಾರೆ. ದೊಕ್‌ಸನ್ ವಿಷಯ ಹಾಗಲ್ಲ, ಅದು ಮನೆ ಮಗಳ ವಿಷಯ.

ದೊಕ್‌ಸನ್ ಇರುವುದು ‘ರಿಪ್ಲೈ 1988’ ಧಾರಾವಾಹಿಯಲ್ಲಿ. ಸೋಲ್ ನಗರದ ಉತ್ತರ ಭಾಗದ ಸಾಂಗ್‌ಮುನ್‌ದೋಂಗ್‌ನ ಒಂದು ಓಣಿ, ಐದು ಕುಟುಂಬಗಳು, ಐವರು ಬಾಲ್ಯದ ಗೆಳೆಯರು. 2015ರ ನವೆಂಬರಿನಿಂದ ಶುಕ್ರವಾರ, ಶನಿವಾರಗಳಂದು ಟಿವಿಎನ್ ವಾಹಿನಿಯಲ್ಲಿ ಬಂದ ಇಪ್ಪತ್ತು ಕಂತುಗಳ ಕಥೆ. ಮೊದಲ ಕಂತಿನಲ್ಲೇ ನಡುವಯಸ್ಸಿನ ದೊಕ್‌ಸನ್ ತನ್ನ ಗಂಡನ ಪಕ್ಕದಲ್ಲಿ ಸೋಫಾ ಮೇಲೆ ಕುಳಿತು ಹಳೆಯದನ್ನು ನೆನೆಯುತ್ತಾಳೆ. ಗಂಡನನ್ನು ತೋರಿಸುತ್ತಾರೆ, ಹೆಸರು ಮಾತ್ರ ಹೇಳುವುದಿಲ್ಲ. ಗೆಳೆಯರಲ್ಲಿ ಯಾವನು ಈತ? ನಿರ್ದೇಶಕ ಶಿನ್ ವೊನ್‌ಹೊ, ಲೇಖಕಿ ಲೀ ವೂಜಂಗ್ ಈ ಚೇಷ್ಟೆಯನ್ನು ತಮ್ಮ ಹಿಂದಿನ ಎರಡು ಧಾರಾವಾಹಿಗಳಲ್ಲೂ ಮಾಡಿದ್ದರು. ಆದರೂ ಜನ ಮೂರನೆಯ ಸಲವೂ ಅಷ್ಟೇ ಶ್ರದ್ಧೆಯಿಂದ ಸಿಕ್ಕಿಬಿದ್ದರು.

ಸಿಕ್ಕಿಬಿದ್ದವರು ಎರಡು ಬಣವಾದರು. ಒಂದು ಬಣ ಮೇಲಿನ ಮನೆಯ ಜಂಗ್‌ಹ್ವಾನ್‌ನದು. ಮಾತು ಕಡಿಮೆ, ಮುಖ ಸದಾ ಗಂಟು, ಆದರೆ ನೂಕುನುಗ್ಗಲಿನ ಬಸ್ಸಿನಲ್ಲಿ ಹುಡುಗಿಗೆ ಯಾರೂ ತಾಗದಂತೆ ಕೈ ಅಡ್ಡವಿಟ್ಟು ನಿಲ್ಲುವವನು. ಇನ್ನೊಂದು ಬಣ ತೇಕ್‌ನದು. ಅವನು ಗೋ ಎಂಬ, ಚದುರಂಗದಂಥ ಆಟದಲ್ಲಿ ದೇಶವೇ ಮೆಚ್ಚಿದ ಚಾಂಪಿಯನ್, ಮನೆಯಲ್ಲಿ ಶೂ ಲೇಸು ಕಟ್ಟಿಕೊಳ್ಳಲು ಬಾರದ ಪೆದ್ದು. ಹತ್ತು ವಾರ ಕೊರಿಯಾದ ವೀಕ್ಷಕರು ಮಾಡಿದ ಸಂಶೋಧನೆಯನ್ನು ನೋಡಿದರೆ ವಿಶ್ವವಿದ್ಯಾಲಯಗಳು ನಾಚಬೇಕು. ಸೋಫಾ ಮೇಲಿನ ಗಂಡ ಹೇಗೆ ನಗುತ್ತಾನೆ, ಹೆಂಡತಿಯನ್ನು ಹೇಗೆ ರೇಗಿಸುತ್ತಾನೆ, ಯಾವ ಮಾತಿಗೆ ಮುಖ ಸಿಂಡರಿಸುತ್ತಾನೆ, ಎಲ್ಲವನ್ನೂ ಸಾಕ್ಷ್ಯವಾಗಿ ಪರಿಗಣಿಸಲಾಯಿತು. ಅವನ ಒರಟು ಮಾತು ಕೇಳಿ ಜಂಗ್‌ಹ್ವಾನ್ ಬಣ ಗೆದ್ದೆವೆಂದೇ ಬೀಗಿತು. ಕೊನೆಗೆ ಗಂಡ ತೇಕ್ ಎಂದು ತಿಳಿದಾಗ ಆ ಬಣಕ್ಕೆ ಬಂದದ್ದು ಬರೀ ದುಃಖವಲ್ಲ, ಮೋಸಹೋದವರ ಕೋಪ. ಮದುವೆ ನಿಶ್ಚಯವಾದ ಮೇಲೆ ಹಿಂದೆ ಸರಿದ ಬೀಗರ ಮೇಲೆ ಬರುವಂಥ ಕೋಪ ಅದು.

ಕೊರಿಯಾದ ಕುಟುಂಬ ಧಾರಾವಾಹಿಯ ವೀಕ್ಷಕರನ್ನು ‘ವೀಕ್ಷಕರು’ ಎಂದು ಕರೆಯುವುದೇ ಅಷ್ಟು ಸರಿಯಲ್ಲ ಎಂದು ನನಗನ್ನಿಸುವುದು ಇದಕ್ಕೇ. ಅವರು ಆ ಮನೆಯ ನೆಂಟರು. ನೆಂಟರಿಗಿರುವ ಹಕ್ಕುಗಳೆಲ್ಲ ಅವರಿಗಿವೆ. ಹುಡುಗಿಗೆ ಗಂಡು ಗೊತ್ತುಮಾಡುವ ಹಕ್ಕು, ಅತ್ತೆಯನ್ನು ಬೈಯುವ ಹಕ್ಕು, ಊಟ ಚೆನ್ನಾಗಿಲ್ಲವೆಂದು ಹೇಳಿ ಎರಡನೆಯ ಸಲ ಬಡಿಸಿಕೊಳ್ಳುವ ಹಕ್ಕು. ನಿರ್ದೇಶಕನನ್ನು ಅವರು ಕಲಾವಿದನೆಂದು ನೋಡುವುದಿಲ್ಲ, ಹುಡುಗಿಯ ಜವಾಬ್ದಾರಿ ಹೊತ್ತ ಚಿಕ್ಕಪ್ಪನೆಂದು ನೋಡುತ್ತಾರೆ. ಚಿಕ್ಕಪ್ಪ ಸರಿಯಾಗಿ ನಡೆದುಕೊಳ್ಳದಿದ್ದರೆ ಕೇಳುವವರು ಬೇಡವೇ?

ಜಂಗ್‌ಹ್ವಾನ್ ಸೋತದ್ದು ಹೇಗೆ ಎಂಬುದನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಆ ಬಗ್ಗೆ ಇಂದಿಗೂ ಜಗಳವಾಗುತ್ತದೆ. ದೊಕ್‌ಸನ್ ಸಂಗೀತ ಕಛೇರಿಯ ಹೊರಗೆ ಒಂಟಿಯಾಗಿ ನಿಂತಿದ್ದಾಳೆಂದು ಗೊತ್ತಾಗಿ ಅವನು ಕಾರು ಓಡಿಸುತ್ತಾನೆ. ದಾರಿಯುದ್ದಕ್ಕೂ ಕೆಂಪು ದೀಪ. ತಲುಪುವಷ್ಟರಲ್ಲಿ ತೇಕ್ ತನ್ನ ಪಂದ್ಯವನ್ನೇ ಬಿಟ್ಟು ಬಂದು ಅವಳ ಮುಂದೆ ನಿಂತಿದ್ದಾನೆ. ನೆಂಟರು ಸೋಲ್ ನಗರದ ಸಂಚಾರ ವ್ಯವಸ್ಥೆಯನ್ನೇ ಶಪಿಸಿದರು. ವಿಚಿತ್ರವೆಂದರೆ, ತನ್ನನ್ನು ತಡೆದದ್ದು ಸಿಗ್ನಲ್ ದೀಪವಲ್ಲ, ಅಷ್ಟು ವರ್ಷ ತಾನೇ ಹಿಂಜರಿದದ್ದು ಎಂದು ಜಂಗ್‌ಹ್ವಾನ್ ಅಲ್ಲಿಯೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾನೆ. ಅವನು ಒಪ್ಪಿಕೊಂಡ. ಅವನ ಕಡೆಯವರು ಒಪ್ಪಲಿಲ್ಲ. ಕಕ್ಷಿದಾರ ತಪ್ಪೊಪ್ಪಿಕೊಂಡ ಮೇಲೂ ಮೇಲ್ಮನವಿ ಹಾಕುವ ವಕೀಲರನ್ನು ನಾನು ಇಲ್ಲಿ ಮಾತ್ರ ಕಂಡಿದ್ದೇನೆ.

ಕೊನೆಯ ಕಂತಿನ ವೀಕ್ಷಣಾ ಪ್ರಮಾಣ 18.8 ಶೇಕಡ, ಆ ಕಾಲಕ್ಕೆ ಕೊರಿಯಾದ ಕೇಬಲ್ ವಾಹಿನಿಗಳಲ್ಲೇ ಅತಿ ಹೆಚ್ಚು. ಅಲ್ಲಿಯ ಹಿರಿಯರು ಇದನ್ನು ಕೇಳಿ ನಕ್ಕಿರಬಹುದು. 1997ರಲ್ಲಿ ಕೆಬಿಎಸ್ ವಾಹಿನಿಯ ‘ಮೊದಲ ಪ್ರೀತಿ’ ಎಂಬ ವಾರಾಂತ್ಯದ ಧಾರಾವಾಹಿ 65.8 ಶೇಕಡ ಮುಟ್ಟಿತ್ತು. ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ, ಇನ್ನು ಮುರಿಯುವುದೂ ಇಲ್ಲ. ಆಗ ಮನೆಗೊಂದು ಟಿವಿ. ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ ನೆಲದ ಮೇಲೆ ಕುಳಿತು ನೋಡುತ್ತಿದ್ದರು. ಅತ್ತೆ ಸೊಸೆಗೆ ಹೇಳಬೇಕಾದದ್ದನ್ನು ತೆರೆಯ ಮೇಲಿನ ಸೊಸೆಗೆ ಹೇಳುವ ಅನುಕೂಲ ಎಲ್ಲ ದೇಶದ ಧಾರಾವಾಹಿಗಳಲ್ಲೂ ಇದೆಯಷ್ಟೆ. ಈಗ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತೆರೆ. ಬೈಗುಳ ನೇರವಾಗಿಯೇ ಬೈಯಬೇಕಾಗಿ ಬಂದಿದೆ.

ನೆಂಟರ ಕೋಪಕ್ಕೆ ದೊಡ್ಡ ಉದಾಹರಣೆ ಇನ್ನೊಂದಿದೆ. 2009ರ ಸೆಪ್ಟೆಂಬರಿನಿಂದ 2010ರ ಮಾರ್ಚ್‌ವರೆಗೆ ಎಂಬಿಸಿ ವಾಹಿನಿಯಲ್ಲಿ ‘ಹೈ ಕಿಕ್ ಥ್ರೂ ದ ರೂಫ್’ ಎಂಬ ಕುಟುಂಬದ ಹಾಸ್ಯ ಧಾರಾವಾಹಿ ಬಂತು. ಅದರಲ್ಲಿ ಹೇರಿ ಎಂಬ ತಂಟೆಕೋರ ಹುಡುಗಿ ಸಿಟ್ಟು ಬಂದವರನ್ನೆಲ್ಲ ಒಂದು ಬೈಗುಳದಿಂದ ಕರೆಯುತ್ತಿದ್ದಳು. ಮಲವಿಸರ್ಜನೆಗೆ ಸಂಬಂಧಿಸಿದ, ಮಕ್ಕಳ ಬಾಯಿಗೆ ಮಾತ್ರ ಒಪ್ಪುವ ಬೈಗುಳ. ಪ್ರಸಾರದ ನಡತೆ ನೋಡುವ ಸರ್ಕಾರಿ ಆಯೋಗ ಗಂಭೀರವಾಗಿ ಚರ್ಚಿಸಿ ತಿದ್ದಿಕೊಳ್ಳುವಂತೆ ಸಲಹೆ ಕೊಟ್ಟಿತು. ಆ ಸುದ್ದಿಯನ್ನು ಓದಬೇಕಾದ ವಾರ್ತಾವಾಚಕಿ ಆ ಪದ ಬಂದೊಡನೆ ನಗು ತಡೆಯಲಾರದೆ ಹೋದಳು. ಸರ್ಕಾರ, ಸಂಸ್ಕೃತಿ, ವಾರ್ತೆ ಮೂರೂ ಸೇರಿ ಒಂದು ಮಗುವಿನ ಬೈಗುಳಕ್ಕೆ ಸೋತ ದಿನ ಅದು.

ಹೀಗೆ 126 ಕಂತು ನಗಿಸಿದ ಮೇಲೆ ನಿರ್ದೇಶಕ ಕಿಮ್ ಬ್ಯುಂಗ್‌ವೂಕ್ ಕೊನೆಯ ಕಂತಿನಲ್ಲಿ ಮಾಡಿದ್ದೇನು? ಮನೆಗೆಲಸದ ಹುಡುಗಿ ಸೆಕ್ಯುಂಗ್‌ಳನ್ನು ಮನೆಯ ಡಾಕ್ಟರು ಮಳೆಯಲ್ಲಿ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಕರೆದೊಯ್ಯುತ್ತಾನೆ. ಅವಳು ಇಷ್ಟು ದಿನ ಒಳಗಿಟ್ಟುಕೊಂಡಿದ್ದ ಪ್ರೀತಿಯನ್ನು ಹೇಳುತ್ತಾಳೆ, ಕಾಲ ಇಲ್ಲಿಯೇ ನಿಂತುಬಿಡಬಾರದೇ ಎನ್ನುತ್ತಾಳೆ. ಚಿತ್ರ ಕಪ್ಪುಬಿಳುಪಾಗಿ ನಿಂತುಬಿಡುತ್ತದೆ. ಇಬ್ಬರೂ ಅಪಘಾತದಲ್ಲಿ ತೀರಿಕೊಂಡರೆಂಬುದು ಉಳಿದವರ ಮಾತಿನಿಂದ ತಿಳಿಯುತ್ತದೆ. ಮದುವೆ ಮನೆಯೆಂದು ಹೊಸ ಬಟ್ಟೆ ಉಟ್ಟು ಬಂದವರನ್ನು ಸಾವಿನ ಮನೆಗೆ ಕರೆದೊಯ್ದಂತಾಯಿತು ಎಂದು ಜನ ಸಿಡಿದೆದ್ದರು. ಕಲೆಯೆಂದು ಅದನ್ನು ಮೆಚ್ಚಿದವರೂ ಇದ್ದಾರೆ. ನಾನು ಸಿಡಿದೆದ್ದವರ ಪಕ್ಷ. ಆರು ತಿಂಗಳು ಪ್ರತಿ ಸಂಜೆ ಊಟದ ಹೊತ್ತಿಗೆ ಮನೆಗೆ ಬಂದವಳನ್ನು ಅಷ್ಟು ಸೊಗಸಾದ ವಾಕ್ಯ ಹೇಳಿಸಿ ಕೊಲ್ಲಬಾರದು.

2013ರ ‘ಪ್ರಿನ್ಸೆಸ್ ಅರೋರಾ’ದಲ್ಲಂತೂ ಲೇಖಕಿ ಇಮ್ ಸಂಗ್‌ಹಾನ್ ಹತ್ತಕ್ಕೂ ಹೆಚ್ಚು ಪಾತ್ರಗಳನ್ನು ಒಂದೊಂದಾಗಿ ಸಾಯಿಸಿದರು ಅಥವಾ ದೇಶಾಂತರ ಕಳುಹಿಸಿದರು. ಕಡೆಗೆ ಮನೆಯ ನಾಯಿಯನ್ನೂ ಬಿಡಲಿಲ್ಲ. ಸಾಕು ನಿಲ್ಲಿಸಿ ಎಂದು ಜನ ಸಹಿ ಸಂಗ್ರಹಿಸಿದರು. ಸಹಿ ಹಾಕಿದವರೇ ಮರುದಿನ ನಾಯಿಯ ನಂತರ ಸರದಿ ಯಾರದೆಂದು ತಿಳಿಯಲು ಟಿವಿ ಹಾಕಿರುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಕೋಪದ ಮಾತು ಸಾಕು. ಈ ನೆಂಟರು ಅಳುವುದು ಎಲ್ಲಿ ಎಂದು ಗಮನಿಸಿದರೆ ಬೇರೆಯೇ ಸಂಗತಿ ಕಾಣುತ್ತದೆ. ‘ರಿಪ್ಲೈ 1988’ ನೋಡುವವರು ಜಗಳವಾಡುವುದು ಹುಡುಗರ ವಿಷಯಕ್ಕೆ, ಅಳುವುದು ಅಪ್ಪ ಅಮ್ಮಂದಿರ ವಿಷಯಕ್ಕೆ. ದೊಕ್‌ಸನ್ ನಡುವಿನ ಮಗಳು. ಹುರಿದ ಮೊಟ್ಟೆ ಅಕ್ಕ ಬೋರಾಳಿಗೆ ಮತ್ತು ತಮ್ಮನಿಗೆ, ಇವಳಿಗೆ ಕಾಳಿನ ಪಲ್ಯ. ಹುಟ್ಟುಹಬ್ಬವೂ ಇವಳದಲ್ಲ, ಅಕ್ಕನ ಕೇಕಿನ ಮೇಲೆಯೇ ಮೇಣದಬತ್ತಿ ಬದಲಿಸಿ ಇವಳದನ್ನೂ ಮುಗಿಸುತ್ತಾರೆ. ಒಂದು ವರ್ಷ ಅವಳು ಕಿರುಚಿ ಅತ್ತ ಮೇಲೆ ಅಪ್ಪ ಒಂದು ಪುಟ್ಟ ಕೇಕು ತಂದು ಓಣಿಯಲ್ಲಿ ಪಕ್ಕದಲ್ಲಿ ಕುಳಿತು, ತಾನೂ ಹುಟ್ಟುವಾಗಲೇ ಅಪ್ಪನಾಗಿ ಹುಟ್ಟಿದವನಲ್ಲ, ತನಗೂ ಇದು ಮೊದಲ ಸಲ ಎನ್ನುತ್ತಾನೆ. ಮನೆಯ ನಡುವಿನ ಮಕ್ಕಳೆಲ್ಲ, ಕೊರಿಯಾದಲ್ಲಿರಲಿ ಕೊಪ್ಪಳದಲ್ಲಿರಲಿ, ಇಲ್ಲಿ ಕರಗುತ್ತಾರೆ. ಮೊದಲ ಮಕ್ಕಳು ಮಾತ್ರ ಇಷ್ಟಕ್ಕೆಲ್ಲ ಅಳುವುದೇ ಎನ್ನುತ್ತಾರೆ. ಅವರಿಗೆ ಮೊಟ್ಟೆ ಸಿಕ್ಕಿತ್ತು.

ನಮ್ಮ ಮನೆಯಲ್ಲಿ ಈ ಧಾರಾವಾಹಿಯನ್ನು ಹಚ್ಚಿದವಳು ನನ್ನ ತಂಗಿ, ಲಾಕ್‌ಡೌನ್ ಕಾಲದಲ್ಲಿ. ಅಮ್ಮನಿಗೆ ಇಂಗ್ಲಿಷ್ ಅಡಿಬರಹ ಓದಲು ಬಾರದು, ಕೊರಿಯನ್ನಂತೂ ಇಲ್ಲವೇ ಇಲ್ಲ. ತಂಗಿ ಅರ್ಥ ಹೇಳಲು ಹೊರಟರೆ, “ಗೊತ್ತಾಗುತ್ತದೆ, ನೀನು ಸುಮ್ಮನಿರು” ಎಂದಳು. ಮೊದಲ ಕಂತಿನಲ್ಲಿ ಒಂದು ಮನೆಯ ಅಡುಗೆ ಬಟ್ಟಲಿನಲ್ಲಿ ಪಕ್ಕದ ಮನೆಗೆ ಹೋಗುತ್ತದೆ, ಆ ಮನೆಯದು ಇನ್ನೊಂದಕ್ಕೆ, ಮಕ್ಕಳು ಬಟ್ಟಲು ಹಿಡಿದು ಓಣಿಯಲ್ಲಿ ಎದುರುಬದುರಾಗಿ ಓಡಾಡುತ್ತಲೇ ಇರುತ್ತಾರೆ. ಬಟ್ಟಲನ್ನು ಖಾಲಿ ಹಿಂತಿರುಗಿಸಬಾರದು ಎಂಬುದನ್ನು ಅಮ್ಮನಿಗೆ ಯಾರೂ ಅನುವಾದಿಸಬೇಕಾಗಲಿಲ್ಲ. ಅವಳ ತಕರಾರು ಒಂದೇ: “ಅಷ್ಟು ಮನೆಯ ಪದಾರ್ಥ ಬಂದ ಮೇಲೆ ಆ ಹುಡುಗಿಗೆ ಒಂದು ಮೊಟ್ಟೆ ಹಾಕುವುದಕ್ಕೆ ಏನು ಧಾಡಿ?” ಒಂದೇ ಸಂಜೆಯಲ್ಲಿ ಅವಳೂ ನೆಂಟಳಾಗಿದ್ದಳು.

ಜಂಗ್‌ಹ್ವಾನ್‌ನ ತಾಯಿ ವಿದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಮಾಡಿಸುವ ಪ್ರಸಂಗವೊಂದಿದೆ. ಇಂಗ್ಲಿಷ್ ಹೆಸರು ಓದಿ ಹೇಳು ಎನ್ನುತ್ತಾನೆ ಮಗ. ತನಗೆ ಇಂಗ್ಲಿಷ್ ಓದಲು ಬಾರದು ಎಂದು ಆಕೆ ಮಗನಿಗೆ ಹೇಳಬೇಕಾಗುತ್ತದೆ. ಓಣಿಯಲ್ಲೆಲ್ಲ ಗಟ್ಟಿ ದನಿಯ ಹೆಂಗಸು, ಅಲ್ಲಿ ಮಾತ್ರ ದನಿ ಇಳಿದುಹೋಗುತ್ತದೆ. ಅದನ್ನು ನೋಡುವಾಗ ಅಮ್ಮ ಏನೂ ಹೇಳಲಿಲ್ಲ. ತಂಗಿಯೂ ಅರ್ಥ ಹೇಳಲು ಹೋಗಲಿಲ್ಲ.

ಇನ್ನೊಂದು ಕಡೆ ಮಾತ್ರ ಅಮ್ಮ ಸೆಟೆದು ಕುಳಿತಳು. ಅಕ್ಕ ಬೋರಾ ಮತ್ತು ಅದೇ ಓಣಿಯ ಸನ್‌ವೂ ಮದುವೆಯಾಗಬೇಕೆಂದಾಗ ಹಿರಿಯರು ಅಡ್ಡ ಬರುತ್ತಾರೆ. ಕಾರಣ, ಇಬ್ಬರದೂ ಒಂದೇ ಕುಲನಾಮ, ಒಂದೇ ಮೂಲಸ್ಥಾನ. ಹಾಗಿರುವವರು ಮದುವೆಯಾಗುವಂತಿಲ್ಲ ಎಂದು ಕೊರಿಯಾದ ನಾಗರಿಕ ಸಂಹಿತೆಯಲ್ಲೇ ಇತ್ತು. ಅಲ್ಲಿಯ ಸಂವಿಧಾನ ನ್ಯಾಯಾಲಯ ಅದನ್ನು ತಪ್ಪೆಂದದ್ದು 1997ರಲ್ಲಿ, ಕಾನೂನಿನ ಪುಸ್ತಕ ತಿದ್ದಿದ್ದು 2005ರಲ್ಲಿ. ಅಮೆರಿಕದ ವೀಕ್ಷಕರಿಗೆ ಇದನ್ನು ವಿವರಿಸಲು ಪುಟಗಟ್ಟಲೆ ಬೇಕು. ಅಮ್ಮನಿಗೆ “ಸಗೋತ್ರ” ಎಂಬ ಮೂರೂವರೆ ಅಕ್ಷರ ಸಾಕಾಯಿತು. “ಹಾಗಾದರೆ ಆಗದು” ಎಂದಳು, ಅಷ್ಟು ಹೊತ್ತು ಆ ಜೋಡಿಗೆ ಹರಸುತ್ತಿದ್ದವಳು. ನಮ್ಮಲ್ಲಿ 1946ರಲ್ಲೇ ಕಾನೂನು ಸಗೋತ್ರದ ಅಡ್ಡಿಯನ್ನು ತೆಗೆದುಹಾಕಿದೆ ಎಂದು ನಾನು ಹೇಳಿದೆ. “ಕಾನೂನು ಹೇಳಿದರೆ ನೆಂಟರು ಕೇಳುತ್ತಾರೆಯೇ?” ಎಂದು ಕೇಳಿದಳು. ಅವಳು ನೆಂಟರ ಪರವಾಗಿ ಅಧಿಕೃತವಾಗಿಯೇ ಮಾತನಾಡುತ್ತಿದ್ದಳು. ಆಮೇಲೆ ಬೋರಾಳ ಮದುವೆಯಲ್ಲಿ ಅಪ್ಪ ಅತ್ತಾಗ ಅಮ್ಮನ ಗೋತ್ರವೆಲ್ಲ ಕಣ್ಣೀರಿನಲ್ಲಿ ಕೊಚ್ಚಿಹೋಯಿತು, ಆ ಮಾತು ಬೇರೆ.

“ಅದು ಬರೀ ಧಾರಾವಾಹಿ, ಅಷ್ಟೊಂದು ಹಚ್ಚಿಕೊಳ್ಳಬೇಡಿ” ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನಮ್ಮ ಮನೆಯಲ್ಲಿ ಅದು ಭಾವ, ತಂಗಿಯ ಗಂಡ. ಅವರು ಪತ್ರಿಕೆ ಅಡ್ಡ ಹಿಡಿದು, ಅದರ ಅಂಚಿನಿಂದ ನೋಡುತ್ತಾರೆ. 2025ರ ಮಾರ್ಚ್‌ನಲ್ಲಿ ಜೆಜು ದ್ವೀಪದ ಕಥೆಯ ‘ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್’ ಬಂದು ಅವರಿಗೆ ಕಷ್ಟ ತಂದಿತು. ಶುಕ್ರವಾರಕ್ಕೆ ನಾಲ್ಕು ಕಂತಿನಂತೆ ನಾಲ್ಕು ವಾರ. ಮುಳುಗಿ ಕಪ್ಪೆಚಿಪ್ಪು ಕೀಳುವ ತಾಯಿಯ ಮಗಳು ಏಸುನ್, ಅವಳನ್ನು ಬಾಲ್ಯದಿಂದ ಪ್ರೀತಿಸಿದ ಗ್ವಾನ್‌ಷಿಕ್. ಅವನೆಂಥ ಗಂಡನೆಂದರೆ, ಹೊರಟ ಹಡಗಿನಿಂದ ಸಮುದ್ರಕ್ಕೆ ಹಾರಿ ಅವಳಿಗಾಗಿ ಈಜಿ ಬರುತ್ತಾನೆ. ಕೊರಿಯಾದ ಗಂಡಂದಿರೆಲ್ಲ ಆ ತಿಂಗಳು ಇವನೊಂದಿಗಿನ ಹೋಲಿಕೆಯಲ್ಲಿ ನಪಾಸಾದರು. ತಮಾಷೆಯೆಂದರೆ, ಅದೇ ಧಾರಾವಾಹಿಯಲ್ಲಿ ಹೆಂಡತಿ ಮಕ್ಕಳ ಮೇಲೆ ಗುಡುಗುವ ಒರಟನ ಪಾತ್ರ ಮಾಡಿದ ಚೊಯ್ ದೇಹೂನ್‌ಗೆ ಕೊರಿಯಾದ ಹೆಸರಾಂತ ಪೆಕ್ಸಾಂಗ್ ಪ್ರಶಸ್ತಿ ಬಂತು, ಜನರ ಅಕ್ಕರೆಯೂ ಬಂತು. ಒಳ್ಳೆಯ ಗಂಡನನ್ನು ಹೆಂಗಸರು ಮೆಚ್ಚುತ್ತಾರೆ, ಕೆಟ್ಟ ಗಂಡನನ್ನು ಗುರುತು ಹಿಡಿಯುತ್ತಾರೆ. ಅವರ ಮನೆಯಲ್ಲಿ ಅಂಥವನೊಬ್ಬ ಮಾವನೋ ಭಾವನೋ ಇದ್ದೇ ಇರುತ್ತಾನೆ.

ಈಜಿ ಬಂದದ್ದಕ್ಕಿಂತ ತಂಗಿಯನ್ನು ಗೆದ್ದದ್ದು ಇನ್ನೊಂದು ದೃಶ್ಯ. ಗಂಡನ ಮನೆಯಲ್ಲಿ ಗಂಡಸರಿಗೆ, ಹಿರಿಯರಿಗೆ ದೊಡ್ಡ ಊಟದ ಮಣೆ. ಏಸುನ್ ಊಟ ಮಾಡುವುದು ಹಿಂದೆ, ಸಣ್ಣ ಮಣೆಯಲ್ಲಿ. ಗ್ವಾನ್‌ಷಿಕ್ ಒಂದು ಮಾತೂ ಆಡದೆ ಹಿರಿಯರಿಗೆ ಬೆನ್ನು ಮಾಡಿ, ಹೆಂಡತಿಯ ಕಡೆ ತಿರುಗಿ ಕುಳಿತು ಊಟ ಮಾಡುತ್ತಾನೆ. ಗಂಡಸರ ಪಂಕ್ತಿ ಮುಗಿದು ಎಲೆ ಎತ್ತುವವರೆಗೆ ಬಡಿಸುತ್ತ ನಿಂತು, ಆಮೇಲೆ ಉಳಿದ ಸಾರಿನಲ್ಲಿ ಉಂಡ ಹೆಂಗಸರಿರುವ ನಾಡಿನಲ್ಲಿ ಆ ದೃಶ್ಯಕ್ಕೆ ಅಡಿಬರಹ ಬೇಕಿಲ್ಲ. ತಂಗಿ ಅದನ್ನು ಹಿಂದಕ್ಕೆ ಓಡಿಸಿ ಮತ್ತೊಮ್ಮೆ ಹಾಕಿದಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ತಿರುಗಿ ಕುಳಿತದ್ದಕ್ಕೆ ಇಷ್ಟೊಂದು ಅಳು ಏಕೆ?” ಎಂದಿತು ಪತ್ರಿಕೆ.

“ನೀವು ಎಂದಾದರೂ ಒಮ್ಮೆ ತಿರುಗಿ ಕುಳಿತಿದ್ದೀರಾ?” ಎಂದಳು ತಂಗಿ.

ಭಾವ ಪತ್ರಿಕೆ ಇಳಿಸಿ ಊಟದ ಟೇಬಲಿನ ಕಡೆ ನೋಡಿದರು. “ನನ್ನ ಕುರ್ಚಿ ಇರುವ ಕಡೆ ತಿರುಗಿದರೆ ಫ್ರಿಜ್ಜು ಬರುತ್ತದೆ” ಎಂದರು.

“ಪರವಾಗಿಲ್ಲ, ಹಾಗೆಯೇ ಎದ್ದು ಮೊಸರು ತೆಗೆದುಕೊಂಡು ಬನ್ನಿ” ಎಂದಳು ಅಮ್ಮ.