ಕಟ್ಟುಮರಂಗೆ ಎರಡು ಒಡಲಿರಲಿಲ್ಲ

ಇಂಗ್ಲಿಷಿಗೆ ಹೋದ ತಮಿಳು ಪದಗಳ ಬಗ್ಗೆ ಬಂದ ಲೇಖನಕ್ಕೆ ಇದೊಂದು ಪ್ರತಿಕ್ರಿಯೆ. ಇಂಗ್ಲಿಷಿನ 'ಕ್ಯಾಟಮರಾನ್' (ಇಂದು ಎರಡು ಒಡಲುಗಳನ್ನು ಜೋಡಿಸಿದ ದೋಣಿಯ ಹೆಸರು) ತಮಿಳಿನ 'ಕಟ್ಟುಮರಂ' ಎಂದು ಲೇಖನ ಹೇಳಿರುವುದು ಸರಿ. ಆದರೆ ಅದರರ್ಥ 'ಜೋಡಿ ದೋಣಿ' ಎಂದಿರುವುದು ತಪ್ಪು. ಕಟ್ಟು, ಮರ ಎರಡೂ ನಮ್ಮವೇ ಪದಗಳು, ನಿಘಂಟು ಬೇಕಿಲ್ಲ: ಕಟ್ಟಿದ ಮರ. ಕೋರಮಂಡಲ ಕರಾವಳಿಯ ಮೀನುಗಾರರು ಹಗುರ ಮರದ ದಿಮ್ಮಿಗಳನ್ನು ಪಕ್ಕಪಕ್ಕ ಇಟ್ಟು ಹಗ್ಗದಿಂದ ಬಿಗಿಯುತ್ತಿದ್ದರು. ಮೊಳೆ ಇಲ್ಲ, ಒಡಲೂ ಇಲ್ಲ. ಅಲೆಯ ನೀರು ಸಂದುಗಳಲ್ಲೇ ಇಳಿದುಹೋಗುತ್ತದೆ. ದಿಮ್ಮಿ ನೀರು ಕುಡಿದರೆ ಭಾರವಾಗಿ ತೇಲುವ ಗುಣ ಕುಗ್ಗುತ್ತದೆ, ಹಾಗಾಗಿ ದಡಕ್ಕೆ ಬಂದೊಡನೆ ಕಟ್ಟು ಬಿಚ್ಚಿ ಒಣಗಿಸಬೇಕು. ಎರಡು ಒಡಲಿನ ವಿನ್ಯಾಸ ಪೆಸಿಫಿಕ್ ದ್ವೀಪಗಳದ್ದು. ಹೆಸರು ಮಾತ್ರ ಇಲ್ಲಿಂದ ಹೋಗಿ ಅದಕ್ಕೆ ಅಂಟಿಕೊಂಡಿತು.

'ಮಲ್ಲಿಗಟಾನಿ' ಸೂಪ್ ಇನ್ನೂ ಸೊಗಸು: ಮಿಳಗು ತಣ್ಣೀರ್, ಅಂದರೆ ಮೆಣಸಿನ ನೀರು, ನಮ್ಮ ಸಾರಿನ ಹತ್ತಿರದ ನೆಂಟ. ಕನ್ನಡದ ತಣ್ಣೀರು ಇಂದಿಗೂ ತಣ್ಣಗಿನ ನೀರೇ. ತಮಿಳಿನಲ್ಲಿ ಆ ತಂಪು ಸವೆದು ಬರೀ ನೀರಾಯಿತು. ಅದಕ್ಕೇ ಬಿಸಿ ಸೂಪಿಗೂ ಆ ಹೆಸರು ಒಪ್ಪಿತು. 'ಚೆರೂಟ್' ಚುಟ್ಟಾ ಕೂಡ ತಮಿಳಿನ ಸುರುಟ್ಟು, ನಾವು ಚಾಪೆ ಸುರುಟುವ ಅದೇ ಧಾತು.

'ರೈಸ್' ತಮಿಳಿನ ಅರಿಸಿಯಿಂದಲೇ (ಅಂದರೆ ಅಕ್ಕಿ) ಬಂತೆಂಬ ಲೇಖನದ ಸಾಲನ್ನು ದಯವಿಟ್ಟು ತಿದ್ದಿ. ಅದು ಗ್ರೀಕ್, ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದ ಪದ. ಗ್ರೀಕಿಗಿಂತ ಹಿಂದಿನ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.