ಮೇಲೆ ಹಿಮ ಇದ್ದರೆ ಜ್ವಾಲಾಮುಖಿ ಸತ್ತಿದೆ ಅಂತಲ್ಲ

ಬಾಹ್ಯಾಕಾಶದಿಂದ ತೆಗೆದ ಬಿಳಿ ಬೆಟ್ಟದ ಫೋಟೊ, ಜೊತೆಗೆ "ಹಿಮ ಕೂತಿದೆ, ಅಂದರೆ ಈ ಜ್ವಾಲಾಮುಖಿ ಆರಿಹೋಗಿದೆ" ಎಂಬ ಸಾಲು. ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ತಪ್ಪು.

ರಷ್ಯಾದ ಕಮ್ಚಾಟ್ಕಾದ ಕ್ಲ್ಯುಚೆವ್‌ಸ್ಕಾಯಾ ಬೆಟ್ಟವನ್ನೇ ನೋಡಿ. ಎತ್ತರ ಸುಮಾರು 4,750 ಮೀಟರ್. 2013ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ತೆಗೆದ ಫೋಟೊದಲ್ಲಿ ಮೈತುಂಬಾ ಹಿಮ, ನೆತ್ತಿಯಿಂದ ಗಾಳಿಗೆ ವಾಲಿದ ಬೂದಿಯ ಹೊಗೆ, ಎರಡೂ ಇವೆ!

ಎತ್ತರದ ಚಳಿಗೆ ಹಿಮ ಕೂರುತ್ತದೆ. ಕರಗಿದ ಕಲ್ಲು ಇರುವುದು ತುಂಬಾ ಆಳದಲ್ಲಿ. ನಡುವಿನ ಬಂಡೆ ಬಿಸಿಯನ್ನು ಬೇಗ ಮೇಲಕ್ಕೆ ಬಿಡುವುದಿಲ್ಲ, ಅಷ್ಟೇ.

ನಿಜ ಹೇಳಬೇಕೆಂದರೆ ಹಿಮ ಇದ್ದರೆ ಅಪಾಯ ಜಾಸ್ತಿ. 1985ರಲ್ಲಿ ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಸಿಡಿದಾಗ ಹಿಮ ಕರಗಿ ಕೆಸರಿನ ಪ್ರವಾಹವಾಯಿತು. ಅರ್ಮೆರೊ ಊರು ಹೂತುಹೋಯಿತು. 20,000ಕ್ಕೂ ಹೆಚ್ಚು ಜನ ಸತ್ತರು.