ಹಳೆ ಪಂಬನ್ ರೈಲು ಸೇತುವೆ: ಇರಲಿ ಅನ್ನುವವರು, ಬಿಚ್ಚಲಿ ಅನ್ನುವವರು

ಪರ: ಆ ಎರಡು ರೆಕ್ಕೆ ಮಾತ್ರ ಉಳಿಸಿ

ರಾಮೇಶ್ವರಕ್ಕೆ ಹೋಗಿಬಂದ ನಮ್ಮ ಸಾಗರದವರನ್ನು ಕೇಳಿ ನೋಡಿ. 22 ತೀರ್ಥದ ಸ್ನಾನಕ್ಕಿಂತ ಮೊದಲು, ಆ ದ್ವೀಪಕ್ಕೆ ಸಮುದ್ರ ದಾಟಿಸುತ್ತಿದ್ದ ಹಳೆ ಪಂಬನ್ ಸೇತುವೆ ಕತೆ ಬರುತ್ತದೆ. ಪಕ್ಕದಲ್ಲೇ ಹೊಸ ಸೇತುವೆ ಬಂದ ಮೇಲೆ, ಹಳೆಯದನ್ನು ಬಿಚ್ಚಬೇಕಾ ಅನ್ನುವುದೇ ಪ್ರಶ್ನೆ. ನಾವು ಹೋದಾಗ ರೈಲು ಆಮೆ ಥರ ತೆವಳುತ್ತಿತ್ತು, ಕಿಟಕಿಯಿಂದ ಇಣುಕಿದರೆ ಗೋಡೆಯಿಲ್ಲ, ಬೇಲಿಯಿಲ್ಲ, ಬರೀ ನೀರು. ನಮ್ಮತ್ತೆ ಕಣ್ಣು ಮುಚ್ಚಿಕೊಂಡು ರಾಮ ರಾಮ ಅನ್ನುತ್ತಾ ಕೂತಿದ್ದರು.

1914ರ ಸೇತುವೆ ಅದು, ಎರಡು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ಉದ್ದ. ಸೂಯೆಜ್ ಕಾಲುವೆಯ ಎಲ್ ಫರ್ದಾನ್ ರೈಲು ಸೇತುವೆ ಹಡಗು ಬಂದರೆ ಗೇಟಿನ ಹಾಗೆ ಪಕ್ಕಕ್ಕೆ ತಿರುಗುತ್ತದೆ. ಪಂಬನ್‌ನದು ಹಾಗಲ್ಲ. ನಡುವಿನ ಭಾಗ ಎರಡು ರೆಕ್ಕೆಯಾಗಿ ಬಿಟ್ಟುಕೊಂಡು ಆಕಾಶಕ್ಕೆ ಏಳುತ್ತಿತ್ತು, ಬಾಗಿದ ಬುಡ ತೂಗುಕುರ್ಚಿಯ ಕಾಲಿನ ಹಾಗೆ ಹಿಂದಕ್ಕೆ ಉರುಳುತ್ತಿತ್ತು. ಅಮೆರಿಕದ ಷೆರ್ಜರ್ ಅನ್ನುವ ಎಂಜಿನಿಯರ್ ಹುಡುಕಿದ ಉಪಾಯ. ಎತ್ತುತ್ತಿದ್ದದ್ದು ಮೋಟಾರಲ್ಲ, ಮನುಷ್ಯರು! ಸನ್ನೆಕೋಲು ಹಿಡಿದು ಹಲ್ಲಿನ ಚಕ್ರ ತಿರುಗಿಸುತ್ತಿದ್ದರು. ವಿಡಿಯೊ ನೋಡಿದಾಗ ನನಗೆ ಆಲೆಮನೆಯ ಕೋಣ ನೆನಪಾಯಿತು.

1964ರ ಡಿಸೆಂಬರ್ ಚಂಡಮಾರುತದಲ್ಲಿ ದ್ವೀಪದ ತುದಿಯ ಧನುಷ್ಕೋಡಿ ಊರೇ ಹೋಯಿತು, ಒಂದು ರೈಲು ಪ್ರಯಾಣಿಕರ ಸಮೇತ ಸಮುದ್ರದ ಪಾಲಾಯಿತು, ಸೇತುವೆಯ ತೊಲೆಗಳು ಕೊಚ್ಚಿಹೋದವು. ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ 46 ದಿನದಲ್ಲಿ ಅದನ್ನು ಮತ್ತೆ ನಿಲ್ಲಿಸಿದರು. ಆ ಗಾಳಿಗೂ ಜಗ್ಗದೆ ನಿಂತದ್ದು ಈ ರೆಕ್ಕೆಗಳೇ. ಇಡೀ ಸೇತುವೆ ಉಳಿಸಿ ಅಂತ ನಾನು ಹೇಳುವುದಿಲ್ಲ. ಇವೆರಡನ್ನು ಎತ್ತಿದ ಸ್ಥಿತಿಯಲ್ಲೇ ಬಿಟ್ಟರೆ ಯಾರಿಗೇನು ಅಡ್ಡಿ?

ವಿರೋಧ: ಬಣ್ಣ ಬಳಿಯುವವರು ಯಾರು?

ನಾನು ತಾಳಗುಪ್ಪ ಕಡೆಯವನು. ಮೀಟರ್ ಗೇಜ್ ಮೇಲೆ ರೈಲ್‌ಬಸ್ ಓಡುತ್ತಿದ್ದ ಕಾಲ ಚೆನ್ನಾಗಿ ನೆನಪಿದೆ, ಅದು ನಿಂತಾಗ ತುಂಬಾ ಬೇಜಾರಾಗಿತ್ತು. ಈಗ ಬ್ರಾಡ್ ಗೇಜ್ ರೈಲಿನಲ್ಲಿ ಮಲಗಿಕೊಂಡು ಬೆಂಗಳೂರಿಗೆ ಹೋಗುತ್ತೇನೆ, ಆ ಬೇಜಾರು ಎಲ್ಲಿ ಹೋಯಿತೋ.

ಉಪ್ಪುಗಾಳಿಯಲ್ಲಿ ಕಬ್ಬಿಣ ಉಳಿಯುವುದು ಬಣ್ಣ ಬಳಿಯುವ ತನಕ. ರೈಲು ಓಡುತ್ತಿದ್ದಾಗಲೇ ತುಕ್ಕಿನ ಕಾಟ ತಪ್ಪಲಿಲ್ಲ, 2022ರ ಡಿಸೆಂಬರಿನಲ್ಲಿ ಓಡಾಟವೇ ನಿಂತಿತು. ರೈಲಿಲ್ಲದ ಸೇತುವೆಗೆ ವರ್ಷ ವರ್ಷ ದುಡ್ಡು ಸುರಿಯುತ್ತಾರಾ? 2025ರ ಏಪ್ರಿಲ್ 6ಕ್ಕೆ ಉದ್ಘಾಟನೆಯಾದ ಹೊಸ ಸೇತುವೆ ಪಕ್ಕದಲ್ಲೇ ಇದೆ, ಅದರ 72.5 ಮೀಟರಿನ ನಡುಭಾಗ ಲಿಫ್ಟ್ ಥರ ನೆಟ್ಟಗೆ ಮೇಲೇರುತ್ತದೆ. ಅದರ ಮಗ್ಗುಲಲ್ಲಿ ನೂರು ವರ್ಷದ ತುಕ್ಕು ಕಬ್ಬಿಣವನ್ನು ಗಾಳಿಗೆ ಎತ್ತಿ ನಿಲ್ಲಿಸಿ ಅಂದರೆ, ಮತ್ತೊಂದು ಚಂಡಮಾರುತ ಬಂದ ದಿನ ಅದು ಯಾವ ಕಡೆ ಬೀಳಬೇಕು?

ಶರಾವತಿ ಹಿನ್ನೀರು ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚ್ ಇರಲಿ ಅಂತ ನೀವೇ ಹೇಳಿರಲಿಲ್ವಾ ಅಂತ ಕೆಲವರು ಕೇಳುತ್ತಾರೆ. ಹೌದು, 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಶುರುವಾದಾಗ ಹೇಳಿದ್ದೆ. ಆದರೆ ಲಾಂಚ್ ತೇಲುತ್ತದೆ ಮಾರಾಯ್ರೆ! ಇಲ್ಲಿ ಬೇಡವಾದರೆ ಬೇರೆ ಕಡವಿಗೆ ಕಳಿಸಬಹುದು.

ಒಂದು ಹಲ್ಲಿನ ಚಕ್ರ, ಒಂದು ಸನ್ನೆಕೋಲು ದಡಕ್ಕೆ ತಂದಿಡಲಿ, ಮಕ್ಕಳು ತಿರುಗಿಸಿ ನೋಡಲಿ. ಉಳಿದದ್ದು ಗುಜರಿಗೆ. ನಮ್ಮ ಹಿತ್ತಲಿನ ಗೇಟಿಗೆ ನಿಲ್ಲಿಸಿರುವುದು ಹಳೆ ರೈಲು ಕಂಬಿಯ ತುಂಡು, ದಿನಾ ಸಂಜೆ ಎಮ್ಮೆ ಬಂದು ಅದಕ್ಕೇ ಮೈ ತಿಕ್ಕುತ್ತದೆ.